ಕಮಿಟಿಯ ಇ-ಮೇಲ್ ಕೂಡ ಅಮಾನತು

ಅಮಾನತು ಎಂದ ಕೂಡಲೇ ನಮಗೆ ನೆನಪಾಗುವುದು ಯಾರೋ ನಂಬಿ ಕೊಟ್ಟ ಹಣ, ಒಡವೆ, ಇಲ್ಲವೇ ಜಮೀನಿನ ಪತ್ರ. ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದ 58ನೇ ಆಯತ್ತಿನಲ್ಲಿ ಅಲ್ಲಾಹನ ಆಜ್ಞೆ ಇದೆ. ಪ್ರವಾದಿ ಮುಹಮ್ಮದ್(ಸ)ರು ಮಕ್ಕಾ ಬಿಟ್ಟು ಹಿಜ್ರತ್‌ಗೆ ಹೊರಟಾಗ, ತಮ್ಮ ಬಳಿ ಜನರು ಇಟ್ಟಿದ್ದ ವಸ್ತುಗಳನ್ನು ಹಿಂದಿರುಗಿಸುವುದಕ್ಕಾಗಿ ಹಜ್ರತ್ ಅಲಿ(ರ)ಯವರನ್ನು ಮಕ್ಕಾದಲ್ಲೇ ಉಳಿಸಿ ಹೋದರು. ಪ್ರಾಣಕ್ಕೆ ಅಪಾಯವಿದ್ದ ಆ ಹೊತ್ತಿನಲ್ಲಿಯೂ ಯಾರ ವಸ್ತು ಎಲ್ಲಿದೆ, ಅದನ್ನು ಯಾರು ಯಾರಿಗೆ ಕೊಡಬೇಕು ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ನಮ್ಮ ಮಸೀದಿ, ಮದ್ರಸ, ಖಬರಸ್ಥಾನಗಳ ಕಾಗದ ಪತ್ರಗಳೂ ಇದೇ ರೀತಿಯ ಅಮಾನತು. ಹಿಂದೆ ಅವು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಕಮಿಟಿ ಬದಲಾದಾಗ ಹಳೆಯ ಸೆಕ್ರೆಟರಿ ಹೊಸಬರಿಗೆ ಬೀಗದ ಕೈ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಈಗ ಅರ್ಧಕ್ಕಿಂತ ಹೆಚ್ಚು ಪತ್ರಗಳು ಇ-ಮೇಲಿನಲ್ಲಿ ಬರುತ್ತವೆ. ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿರುವ ವಕ್ಫ್ ಮಂಡಳಿಯೊಂದಿಗಿನ ಪತ್ರ ವ್ಯವಹಾರ, ವಕೀಲರು ಕಳಿಸಿದ ತಕರಾರು ಅರ್ಜಿಯ ಪ್ರತಿ, ಲೆಕ್ಕ ಪರಿಶೋಧಕರ ವರದಿ, ಕಟ್ಟಡದ ನಕ್ಷೆ, ಬಾಡಿಗೆದಾರರ ಕರಾರು, ಎಲ್ಲವೂ ಅಲ್ಲಿಯೇ. 2025ರ ಜೂನ್ 6ರಂದು ಕೇಂದ್ರ ಸರ್ಕಾರ ‘ಉಮೀದ್’ ಪೋರ್ಟಲ್ ತೆರೆದು, ನೋಂದಾಯಿತ ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಅದಕ್ಕೆ ಹಾಕಬೇಕೆಂದು ಹೇಳಿದಾಗ, ಹಳೆಯ ಗೆಜೆಟ್ ಪ್ರತಿ, ಪಹಣಿ, ಸರ್ವೆ ನಕ್ಷೆ ಎಲ್ಲಿವೆ ಎಂದು ಹುಡುಕುವುದು ಎಷ್ಟು ಕಷ್ಟ ಎಂಬುದು ಮುತವಲ್ಲಿಗಳಿಗೆಲ್ಲ ಗೊತ್ತಾಯಿತು. ಕಾಗದ ಇತ್ತು, ಆದರೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಇ-ಮೇಲಿನ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಪಾಸ್‌ವರ್ಡ್ ಕೈಯಲ್ಲಿದ್ದರೂ ಪತ್ರ ಕೈಗೆ ಸಿಗದಿರುವ ಸಂದರ್ಭ ಅಲ್ಲಿ ಬರುತ್ತದೆ.

ಪಾಸ್‌ವರ್ಡ್ ಇದೆ, ಪತ್ರ ಇಲ್ಲ

ನಮ್ಮ ಭಾಗದ ಒಂದು ಜಮಾಅತಿನಲ್ಲಿ ಇಂಥದೇ ಮಾತು ಬೆಳೆಯಿತು. ಊರಿನ ಹೆಸರು ಇಲ್ಲಿ ಬೇಡ. ಕಮಿಟಿ ಬದಲಾಯಿತು. ಹಳೆಯ ಸೆಕ್ರೆಟರಿ ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಎಲ್ಲರ ಎದುರಿಗೆ ಕೊಟ್ಟರು. ಹೊಸಬರು ತಮ್ಮ ಮೊಬೈಲಿನಲ್ಲಿ ತೆರೆದರೆ ಕಳೆದ ಎರಡು ವಾರದ ಪತ್ರಗಳು ಮಾತ್ರ ಇದ್ದವು. ಆರು ವರ್ಷದ ಪತ್ರ ವ್ಯವಹಾರ ಕಾಣಲಿಲ್ಲ. “ಪಾಸ್‌ವರ್ಡ್ ಕೊಟ್ಟಿದ್ದೀನಲ್ಲ ಭಾಯ್, ಎಲ್ಲ ಅದರಲ್ಲೇ ಇದೆ” ಎಂದು ಇವರು. “ಏನೂ ಇಲ್ಲ, ಅಳಿಸಿಬಿಟ್ಟಿದ್ದೀರಿ” ಎಂದು ಅವರು. ಮಾತು ಮಸೀದಿಯ ಅಂಗಳದಿಂದ ಬೀದಿಗೆ ಹೋಯಿತು. ಲೆಕ್ಕ ಮುಚ್ಚಿಡಲು ಪತ್ರ ಅಳಿಸಿದ್ದಾರೆ ಎಂದು ಆಡಿಕೊಂಡವರೂ ಇದ್ದರು.

ನಿಜ ಬೇರೆ ಇತ್ತು. ಕಚೇರಿಯ ಕಂಪ್ಯೂಟರಿಗೆ ಇ-ಮೇಲ್ ಪ್ರೋಗ್ರಾಂ ಹಾಕಿದ ಹುಡುಗ ಅದನ್ನು ‘ಪಾಪ್’ ಎಂಬ ವಿಧಾನದಲ್ಲಿ ಜೋಡಿಸಿದ್ದ. ಪತ್ರಗಳು ಬಂದಂತೆಲ್ಲ ಆ ಕಂಪ್ಯೂಟರಿಗೆ ಇಳಿದು, ಎರಡು ವಾರದ ನಂತರ ಸರ್ವರಿನಿಂದ ತಾವಾಗಿಯೇ ಹೋಗುತ್ತಿದ್ದವು. ಯಾರೂ ಏನನ್ನೂ ಅಳಿಸಿರಲಿಲ್ಲ. ಆರು ವರ್ಷದ ಪತ್ರಗಳು ಕಚೇರಿಯ ಮೂಲೆಯಲ್ಲಿದ್ದ ಆ ಹಳೆಯ ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿದ್ದವು. ಪುಣ್ಯಕ್ಕೆ ಅದನ್ನು ಇನ್ನೂ ಗುಜರಿಗೆ ಹಾಕಿರಲಿಲ್ಲ.

ಸೂರಃ ಅಲ್‌ಹುಜುರಾತ್‌ನ 12ನೇ ಆಯತ್ತು ಗುಮಾನಿ ಪಡುವುದರಿಂದ ದೂರವಿರಲು ನಮಗೆ ತಾಕೀತು ಮಾಡುತ್ತದೆ. ಎಷ್ಟೋ ಗುಮಾನಿಗಳು ದುಷ್ಟತನದಿಂದ ಹುಟ್ಟುವುದಿಲ್ಲ, ತಿಳಿವಳಿಕೆಯ ಕೊರತೆಯಿಂದ ಹುಟ್ಟುತ್ತವೆ. ಆದ್ದರಿಂದ ಇ-ಮೇಲ್ ಹೇಗೆ ಕೆಲಸ ಮಾಡುತ್ತದೆ ಎಂದು ಕಮಿಟಿಯಲ್ಲಿ ಕನಿಷ್ಠ ಇಬ್ಬರಿಗಾದರೂ ಗೊತ್ತಿರಬೇಕು. ಇದು ದೊಡ್ಡ ವಿದ್ಯೆಯಲ್ಲ. ಅರ್ಧ ಗಂಟೆ ಕುಳಿತರೆ ಅರ್ಥವಾಗುತ್ತದೆ.

ಪಾಪ್ ಎಂದರೇನು, ಐಮ್ಯಾಪ್ ಎಂದರೇನು

ನಮಗೆ ಬರುವ ಇ-ಮೇಲ್ ನೇರವಾಗಿ ನಮ್ಮ ಮೊಬೈಲಿಗೆ ಬರುವುದಿಲ್ಲ. ಅದು ಮೊದಲು ಒಂದು ಸರ್ವರಿಗೆ ಬರುತ್ತದೆ. ಸರ್ವರ್ ಎಂದರೆ ದಿನದ 24 ಗಂಟೆಯೂ ಚಾಲೂ ಇರುವ ದೊಡ್ಡ ಕಂಪ್ಯೂಟರ್. ಅದನ್ನು ಅಂಚೆ ಕಚೇರಿ ಎಂದುಕೊಳ್ಳಿ. ಅಲ್ಲಿಗೆ ಬಂದ ಪತ್ರವನ್ನು ನಾವು ಓದುವುದಕ್ಕೆ ಎರಡು ವಿಧಾನಗಳಿವೆ.

ಮೊದಲನೆಯದು ಪಾಪ್. ಅಂಚೆ ಕಚೇರಿಗೆ ಹೋಗಿ, ನಮ್ಮ ಹೆಸರಿನ ಪೆಟ್ಟಿಗೆಯಲ್ಲಿರುವ ಪತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಂತೆ. ತಂದ ಮೇಲೆ ಅಂಚೆ ಕಚೇರಿಯ ಪೆಟ್ಟಿಗೆ ಖಾಲಿ. ಪತ್ರ ಈಗ ನಮ್ಮ ಮನೆಯಲ್ಲಿದೆ, ಅಲ್ಲಿ ಮಾತ್ರ ಇದೆ. ‘ಸರ್ವರಿನಲ್ಲಿ ಒಂದು ಪ್ರತಿ ಇರಲಿ’ ಎಂದು ಸೆಟ್ಟಿಂಗ್ ಮಾಡಿದರೆ ಪ್ರತಿ ಉಳಿಯುತ್ತದೆ, ಆದರೆ ಹೆಚ್ಚಿನ ಕಡೆ ಅದಕ್ಕೊಂದು ಗಡುವು ಇರುತ್ತದೆ. 14 ದಿನದ ಗಡುವು ಸಾಮಾನ್ಯ.

ಎರಡನೆಯದು ಐಮ್ಯಾಪ್. ಇಲ್ಲಿ ಪತ್ರಗಳು ಅಂಚೆ ಕಚೇರಿಯಲ್ಲೇ ಇರುತ್ತವೆ. ನಾವು ಮನೆಯಲ್ಲೇ ಕುಳಿತು ಒಂದು ಕಿಟಕಿಯ ಮೂಲಕ ಅವನ್ನು ನೋಡುತ್ತೇವೆ. ಕಚೇರಿಯ ಕಂಪ್ಯೂಟರ್, ಸದರ್ ಸಾಹೇಬರ ಮೊಬೈಲ್, ಖಜಾಂಚಿಯ ಲ್ಯಾಪ್‌ಟಾಪ್, ಮೂರು ಕಿಟಕಿಗಳಿದ್ದರೂ ಕಾಣುವ ಕಪಾಟು ಒಂದೇ. ಒಬ್ಬರು ಓದಿದರೆ ಎಲ್ಲರಿಗೂ ಓದಿದಂತೆ ತೋರುತ್ತದೆ. ಒಬ್ಬರು ‘ಬಾಡಿಗೆ ಕರಾರು’ ಎಂಬ ಫೋಲ್ಡರ್ ಮಾಡಿದರೆ ಎಲ್ಲರಿಗೂ ಅದು ಕಾಣುತ್ತದೆ. ಒಬ್ಬರು ಅಳಿಸಿದರೆ ಎಲ್ಲರಿಗೂ ಅಳಿಸಿಹೋಗುತ್ತದೆ.

ಎರಡೂ ಹಳೆಯ ವಿಧಾನಗಳೇ. ಪಾಪ್‌ನ ಮೊದಲ ರೂಪ 1984ರಲ್ಲಿ ಬಂತು. ಈಗ ಬಳಕೆಯಲ್ಲಿರುವ ಮೂರನೆಯ ರೂಪ 1988ರದು. ಐಮ್ಯಾಪನ್ನು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದರು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಅದು ಟೆಲಿಫೋನ್ ಲೈನಿನ ಮೂಲಕ ನಡೆಯುತ್ತಿತ್ತು. ಸಂಪರ್ಕದಲ್ಲಿ ಇದ್ದಷ್ಟು ಹೊತ್ತೂ ಖರ್ಚು. ಬೇಗ ಪತ್ರ ಇಳಿಸಿಕೊಂಡು ಲೈನ್ ಕಡಿದು ನಿಧಾನವಾಗಿ ಓದುವುದು ಆಗ ಜಾಣತನ. ಅದಕ್ಕೆ ಪಾಪ್ ಹೇಳಿ ಮಾಡಿಸಿದಂತಿತ್ತು. ಇವತ್ತು ಒಂದೇ ವಿಳಾಸವನ್ನು ಮೂರು ನಾಲ್ಕು ಜನ, ಮೂರು ನಾಲ್ಕು ಸಾಧನಗಳಲ್ಲಿ ನೋಡುತ್ತಾರೆ. ಇದಕ್ಕೆ ಐಮ್ಯಾಪ್ ಸರಿಹೊಂದುತ್ತದೆ. ಆದರೂ ಅನೇಕ ಕಡೆ ಪಾಪ್ ಉಳಿದಿರುವುದಕ್ಕೆ ಕಾರಣವಿದೆ. ಸ್ವಂತ ಹೆಸರಿನ ವೆಬ್‌ಸೈಟ್ ಮಾಡಿಸಿ ಅದರ ಜೊತೆಗೆ ಇ-ಮೇಲ್ ಪಡೆದ ಸಂಸ್ಥೆಗಳಿಗೆ ಸರ್ವರಿನಲ್ಲಿ ಜಾಗ ಕಡಿಮೆ ಇರುತ್ತದೆ. ಅದು ತುಂಬದಿರಲಿ ಎಂದು ಪಾಪ್ ಜೋಡಿಸಿಬಿಡುತ್ತಾರೆ.

ಪತ್ರ ಕಳಿಸುವ ವಿಧಾನದ ಹೆಸರು ಎಸ್‌ಎಂಟಿಪಿ. ಅದು ಎರಡಕ್ಕೂ ಸಾಮಾನ್ಯ. ಆದರೆ ಕಳಿಸಿದ ಪತ್ರದ ಪ್ರತಿ ಎಲ್ಲಿ ಉಳಿಯುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಐಮ್ಯಾಪ್‌ನಲ್ಲಿ ‘ಸೆಂಟ್’ ಫೋಲ್ಡರ್ ಸಾಮಾನ್ಯವಾಗಿ ಸರ್ವರಿನಲ್ಲಿ ಇರುತ್ತದೆ. ಪಾಪ್‌ನಲ್ಲಿ ನಾವು ಬರೆದ ಉತ್ತರಗಳ ಪ್ರತಿ ಬರೆದ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಜಿಮೇಲ್ ಮಾತ್ರ ತನ್ನ ಮೂಲಕ ಕಳಿಸಿದ್ದನ್ನು ತಾನೂ ಇಟ್ಟುಕೊಳ್ಳುತ್ತದೆ. ವಕ್ಫ್ ಮಂಡಳಿಯಿಂದ ಬಂದ ನೋಟಿಸು ಸಿಕ್ಕಿ, ಅದಕ್ಕೆ ನಾವು ಗಡುವಿನೊಳಗೆ ಕೊಟ್ಟ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂದು ಯೋಚಿಸಿ.

ಲೋಕಲ್ ಫೋಲ್ಡರ್ ಎಂಬ ಮನೆಯ ಕಪಾಟು

ಕಂಪ್ಯೂಟರಿನಲ್ಲಿ ಇ-ಮೇಲ್ ನೋಡಲು ಕೆಲವರು ಥಂಡರ್‌ಬರ್ಡ್ ಬಳಸುತ್ತಾರೆ, ಕೆಲವರು ಔಟ್‌ಲುಕ್ ಬಳಸುತ್ತಾರೆ. ಥಂಡರ್‌ಬರ್ಡ್ ಪುಕ್ಕಟೆ ಸಿಗುತ್ತದೆ. ಅದನ್ನು ತೆರೆದರೆ ಎಡಭಾಗದಲ್ಲಿ ಇ-ಮೇಲ್ ವಿಳಾಸದ ಕೆಳಗೆ ಇನ್‌ಬಾಕ್ಸ್, ಸೆಂಟ್ ಮುಂತಾದ ಫೋಲ್ಡರ್‌ಗಳು ಕಾಣುತ್ತವೆ. ಇನ್ನೂ ಕೆಳಗೆ ‘ಲೋಕಲ್ ಫೋಲ್ಡರ್ಸ್’ ಎಂಬ ಬೇರೆಯೇ ಒಂದು ಶೀರ್ಷಿಕೆ ಇರುತ್ತದೆ. ಔಟ್‌ಲುಕ್‌ನಲ್ಲಿ ಇದೇ ಕೆಲಸಕ್ಕೆ ‘ಪಿಎಸ್‌ಟಿ’ ಎಂಬ ಫೈಲ್ ಇರುತ್ತದೆ. ಇದು ನಮ್ಮ ಮನೆಯ ಕಪಾಟು. ಇದರಲ್ಲಿ ಇಟ್ಟದ್ದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಮೊಬೈಲಿನಲ್ಲಿ ಕಾಣುವುದಿಲ್ಲ, ಬೇರೆ ಯಾವ ಕಂಪ್ಯೂಟರಿನಲ್ಲೂ ಕಾಣುವುದಿಲ್ಲ, ಪಾಸ್‌ವರ್ಡ್ ಹಾಕಿ ವೆಬ್‌ಸೈಟಿನಲ್ಲಿ ನೋಡಿದರೂ ಕಾಣುವುದಿಲ್ಲ.

ಇಲ್ಲಿ ನೆನಪಿಡಬೇಕಾದ ಮೂರು ಮಾತುಗಳಿವೆ.

ಒಂದು, ಪಾಪ್ ಜೋಡಣೆಯಲ್ಲಿ ನೀವು ಮಾಡುವ ಪ್ರತಿಯೊಂದು ಫೋಲ್ಡರೂ ಲೋಕಲ್ ಫೋಲ್ಡರೇ. ಅದು ಇ-ಮೇಲ್ ವಿಳಾಸದ ಕೆಳಗೆ ಕಂಡರೂ ಸರ್ವರಿನಲ್ಲಿ ಇಲ್ಲ. ಪಾಪ್‌ಗೆ ಸರ್ವರಿನ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಎಂಬುದೇ ಗೊತ್ತಿಲ್ಲ.

ಎರಡು, ಐಮ್ಯಾಪ್ ಜೋಡಣೆಯಲ್ಲಿ ವಿಳಾಸದ ಕೆಳಗೆ ಮಾಡಿದ ಫೋಲ್ಡರ್ ಸರ್ವರಿನಲ್ಲಿ ಇರುತ್ತದೆ. ‘ಲೋಕಲ್ ಫೋಲ್ಡರ್ಸ್’ ಎಂಬುದರ ಕೆಳಗೆ ಮಾಡಿದ್ದು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ನೋಡಲು ಎರಡೂ ಒಂದೇ ಥರ. ಇರುವ ಜಾಗ ಮಾತ್ರ ಬೇರೆ.

ಮೂರು, ಐಮ್ಯಾಪ್‌ನ ಇನ್‌ಬಾಕ್ಸಿನಿಂದ ಒಂದು ಪತ್ರವನ್ನು ಮೌಸಿನಿಂದ ಎಳೆದು ಲೋಕಲ್ ಫೋಲ್ಡರಿಗೆ ಹಾಕಿದರೆ ಅದು ಸರ್ವರಿನಿಂದ ಹೊರಟುಹೋಗುತ್ತದೆ. ಎಳೆಯುವುದೆಂದರೆ ಸಾಗಿಸುವುದು, ಪ್ರತಿ ಮಾಡುವುದಲ್ಲ. ಅಚ್ಚುಕಟ್ಟಾಗಿ ಜೋಡಿಸೋಣ ಎಂದು ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಲೋಕಲ್ ಫೋಲ್ಡರಿಗೆ ಎಳೆದವರಿದ್ದಾರೆ. ಆಮೇಲೆ ಉಳಿದವರ ಮೊಬೈಲಿನಲ್ಲಿ ಪತ್ರ ಮಾಯ. ಪ್ರತಿ ಬೇಕಾದರೆ ಪತ್ರದ ಮೇಲೆ ಮೌಸಿನ ಬಲ ಗುಂಡಿ ಒತ್ತಿ ‘ಕಾಪಿ ಟು’ ಆರಿಸಬೇಕು. ‘ಮೂವ್ ಟು’ ಅಲ್ಲ.

ನಿಮ್ಮಲ್ಲಿ ಯಾವುದಿದೆ ಎಂದು ತಿಳಿಯುವುದು

ಥಂಡರ್‌ಬರ್ಡ್‌ನಲ್ಲಿ ‘ಅಕೌಂಟ್ ಸೆಟ್ಟಿಂಗ್ಸ್’ ತೆರೆದು, ವಿಳಾಸದ ಕೆಳಗಿನ ‘ಸರ್ವರ್ ಸೆಟ್ಟಿಂಗ್ಸ್’ ಒತ್ತಿ. ‘ಸರ್ವರ್ ಟೈಪ್’ ಎಂಬಲ್ಲಿ ಪಾಪ್ ಅಥವಾ ಐಮ್ಯಾಪ್ ಎಂದು ಬರೆದಿರುತ್ತದೆ. ಔಟ್‌ಲುಕ್‌ನ ಹಳೆಯ ಆವೃತ್ತಿಗಳಲ್ಲಿ ‘ಫೈಲ್’ನ ಒಳಗೆ ‘ಅಕೌಂಟ್ ಸೆಟ್ಟಿಂಗ್ಸ್’ ನೋಡಿದರೆ ವಿಳಾಸದ ಪಕ್ಕದಲ್ಲೇ ವಿಧಾನದ ಹೆಸರು ಇರುತ್ತದೆ. ಪೋರ್ಟ್ ಎಂಬ ಸಂಖ್ಯೆಯಿಂದಲೂ ತಿಳಿಯಬಹುದು. 995 ಅಥವಾ 110 ಇದ್ದರೆ ಪಾಪ್. 993 ಅಥವಾ 143 ಇದ್ದರೆ ಐಮ್ಯಾಪ್. ಮೊಬೈಲಿನಲ್ಲಿ ಜಿಮೇಲ್ ವಿಳಾಸವನ್ನು ಜಿಮೇಲ್ ಆ್ಯಪಿನಲ್ಲೇ ನೋಡುತ್ತಿದ್ದರೆ ಅದು ಗೂಗಲ್‌ನ ಸ್ವಂತ ವಿಧಾನ. ಆದರೆ ನಡೆಯುವುದು ಐಮ್ಯಾಪ್‌ನಂತೆಯೇ, ಪತ್ರ ಸರ್ವರಿನಲ್ಲೇ ಇರುತ್ತದೆ.

ಜಿಮೇಲ್ ವಿಳಾಸವನ್ನು ಕಂಪ್ಯೂಟರಿನಲ್ಲಿ ಪಾಪ್ ಮೂಲಕ ಜೋಡಿಸಿದ್ದರೆ ಇನ್‌ಬಾಕ್ಸ್ ಖಾಲಿ ಕಂಡ ಮಾತ್ರಕ್ಕೆ ಗಾಬರಿಯಾಗಬೇಡಿ. ಪಾಪ್ ಇಳಿಸಿಕೊಂಡ ಪತ್ರವನ್ನು ಏನು ಮಾಡಬೇಕೆಂದು ಜಿಮೇಲ್ ಸೆಟ್ಟಿಂಗಿನಲ್ಲಿ ಆಯ್ಕೆಗಳಿವೆ. ಇನ್‌ಬಾಕ್ಸಿನಲ್ಲೇ ಇಡು, ಆರ್ಕೈವ್ ಮಾಡು, ಅಳಿಸು ಎಂಬವು ಅವುಗಳಲ್ಲಿ ಸೇರಿವೆ. ಆರ್ಕೈವ್ ಆಗಿದ್ದರೆ ‘ಆಲ್ ಮೇಲ್’ ಎಂಬಲ್ಲಿ ಎಲ್ಲವೂ ಸಿಗುತ್ತದೆ. ಅಳಿಸು ಎಂದಿದ್ದರೆ ‘ಟ್ರ್ಯಾಶ್’ನಲ್ಲಿ 30 ದಿನ ಇದ್ದು ಆಮೇಲೆ ಹೋಗುತ್ತದೆ. ಯಾರ ಮೇಲಾದರೂ ಆರೋಪ ಹೊರಿಸುವ ಮೊದಲು ಈ ಎರಡು ಕಡೆ ನೋಡಿ. ನಂತರ ಹಳೆಯ ಕಂಪ್ಯೂಟರನ್ನು ನೋಡಿ.

ಹಳೆಯ ಪತ್ರಗಳನ್ನು ಎಲ್ಲರ ಕಪಾಟಿಗೆ ತರುವುದು

ಪಾಪ್‌ನಲ್ಲಿರುವ ವರ್ಷಗಳ ಪತ್ರಗಳನ್ನು ಐಮ್ಯಾಪ್‌ಗೆ ತರಬಹುದು. ಅವಸರ ಮಾಡಬಾರದು. ನಾನು ಕಮಿಟಿಗಳಿಗೆ ಹೇಳುವ ಕ್ರಮ ಹೀಗಿದೆ.

ಮೊದಲು ಏನನ್ನೂ ಮುಟ್ಟದೆ ಪೂರ್ತಿ ಒಂದು ಪ್ರತಿ ತೆಗೆದಿಡಿ. ಥಂಡರ್‌ಬರ್ಡ್‌ನಲ್ಲಿ ‘ಹೆಲ್ಪ್’ ಒಳಗಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ತೆರೆದರೆ ‘ಪ್ರೊಫೈಲ್ ಫೋಲ್ಡರ್’ ಎಲ್ಲಿದೆ ಎಂದು ತೋರಿಸುತ್ತದೆ. ಪ್ರೋಗ್ರಾಂ ಮುಚ್ಚಿ, ಆ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಔಟ್‌ಲುಕ್ ಆದರೆ ಪಿಎಸ್‌ಟಿ ಫೈಲನ್ನು ನಕಲು ಮಾಡಿ. ಅದು ಹೆಚ್ಚಾಗಿ ‘ಡಾಕ್ಯುಮೆಂಟ್ಸ್’ ಒಳಗಿನ ‘ಔಟ್‌ಲುಕ್ ಫೈಲ್ಸ್’ನಲ್ಲಿ ಇರುತ್ತದೆ.

ಆಮೇಲೆ ಅದೇ ವಿಳಾಸವನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸಿ. ಥಂಡರ್‌ಬರ್ಡ್‌ನಲ್ಲಿ ಇದ್ದ ಪಾಪ್ ಖಾತೆಯನ್ನೇ ಐಮ್ಯಾಪ್ ಆಗಿ ಬದಲಿಸಲು ಬರುವುದಿಲ್ಲ. ಪಕ್ಕದಲ್ಲಿ ಎರಡನೆಯದಾಗಿ ಸೇರಿಸಬೇಕು. ಹಳೆಯದನ್ನು ಈಗಲೇ ತೆಗೆಯಬೇಡಿ. ಆದರೆ ಅದು ತಾನಾಗಿ ಹೊಸ ಪತ್ರ ಇಳಿಸಿಕೊಳ್ಳದಂತೆ ಸೆಟ್ಟಿಂಗಿನಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಒಂದು ಕಡೆ ತುಂಬುವಾಗ ಇನ್ನೊಂದು ಕಡೆ ಖಾಲಿಯಾಗುತ್ತಿರುತ್ತದೆ.

ಹೊಸ ಖಾತೆಯ ಕೆಳಗೆ ವಿಷಯವಾರು ಫೋಲ್ಡರ್ ಮಾಡಿ. ವಕ್ಫ್ ಮಂಡಳಿ, ಕೋರ್ಟು, ಲೆಕ್ಕ ಪತ್ರ, ಕಟ್ಟಡ, ಬಾಡಿಗೆ, ಮದ್ರಸ. ಐದಾರು ಸಾಕು. ಇಪ್ಪತ್ತು ಮಾಡಿದರೆ ಮುಂದಿನವರಿಗೆ ತಲೆನೋವು.

ಈಗ ಹಳೆಯ ಫೋಲ್ಡರಿನಿಂದ ನೂರಿನ್ನೂರು ಪತ್ರಗಳನ್ನು ಆರಿಸಿ ‘ಕಾಪಿ ಟು’ ಮೂಲಕ ಹೊಸದಕ್ಕೆ ಹಾಕಿ. ಅವು ಸರ್ವರಿಗೆ ಏರುತ್ತವೆ. ಒಂದೇ ಸಲ ಎಲ್ಲವನ್ನೂ ಹಾಕಿದರೆ ಮಧ್ಯದಲ್ಲಿ ನಿಲ್ಲಬಹುದು. ಐಮ್ಯಾಪ್ ಮೂಲಕ ದಿನಕ್ಕೆ ಇಷ್ಟೇ ಏರಿಸಬಹುದು ಎಂದು ಜಿಮೇಲ್‌ನಂಥ ಸೇವೆಗಳಲ್ಲಿ ಮಿತಿಯಿದೆ. ಕೆಲವು ದಿನ ಹಿಡಿಯಲಿ, ಚಿಂತೆಯಿಲ್ಲ. ಮುಗಿದ ಮೇಲೆ ಎರಡೂ ಕಡೆ ಪತ್ರಗಳ ಎಣಿಕೆ ಹೋಲಿಸಿ. ಬೇರೊಂದು ಮೊಬೈಲಿನಲ್ಲಿ ತೆರೆದು, ಲಗತ್ತಿಸಿದ ಫೈಲುಗಳು ತೆರೆಯುತ್ತವೆಯೇ ನೋಡಿ. ‘ಸೆಂಟ್’ ಪತ್ರಗಳನ್ನು ಮರೆಯಬೇಡಿ. ಎರಡು ಮೂರು ತಿಂಗಳು ಹಳೆಯ ಖಾತೆ ಹಾಗೆಯೇ ಇರಲಿ. ಮುಂದೆ ಅದನ್ನು ತೆಗೆಯುವಾಗ, ಪತ್ರಗಳನ್ನೂ ಅಳಿಸಬೇಕೇ ಎಂದು ಪ್ರೋಗ್ರಾಂ ಒಂದು ಚೌಕ ತೋರಿಸುತ್ತದೆ. ಅದಕ್ಕೆ ಗುರುತು ಹಾಕಬೇಡಿ.

ಐಮ್ಯಾಪ್ ಇದ್ದರೆ ಸಾಕೇ?

ಸಾಲದು. ಐಮ್ಯಾಪ್ ಎಲ್ಲರಿಗೂ ಒಂದೇ ಕಪಾಟು ತೋರಿಸುತ್ತದೆ. ಆದರೆ ಕಪಾಟು ಒಂದೇ ಎಂಬುದೇ ಅದರ ಬಲಹೀನತೆ. ಮೊಬೈಲ್ ಹಿಡಿದ ಮಗು ಅಳಿಸಿದರೂ ಎಲ್ಲ ಕಡೆ ಅಳಿಯುತ್ತದೆ. ಜಿಮೇಲ್‌ನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲಿಯೇ ಫೋಟೋ, ಡ್ರೈವ್ ಎಲ್ಲವೂ ಸೇರಿವೆ. ಜಲ್ಸಾದ ವಿಡಿಯೋಗಳನ್ನು ಅದೇ ಖಾತೆಗೆ ಹಾಕಿ ಜಾಗ ತುಂಬಿಸಿದರೆ ಹೊಸ ಇ-ಮೇಲ್ ಬರುವುದು ನಿಲ್ಲುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ಸ್ವಂತ ವೆಬ್‌ಸೈಟ್ ಹೆಸರಿನ ಇ-ಮೇಲ್ ಇದ್ದರೆ, ವರ್ಷದ ಹಣ ಕಟ್ಟಲು ಮರೆತಾಗ ಅದೂ ನಿಲ್ಲುತ್ತದೆ.

ಇಲ್ಲಿ ಲೋಕಲ್ ಫೋಲ್ಡರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದಲ್ಲ, ಆಗ ಆ ವರ್ಷದ ಪತ್ರಗಳನ್ನೆಲ್ಲ ‘2025-26’ ಎಂಬ ಲೋಕಲ್ ಫೋಲ್ಡರಿಗೆ ಪ್ರತಿ ಮಾಡಿ. ಆಮೇಲೆ ಪ್ರೊಫೈಲ್ ಫೋಲ್ಡರನ್ನು ಎರಡು ಹಾರ್ಡ್‌ಡಿಸ್ಕ್‌ಗಳಿಗೆ ನಕಲು ಮಾಡಿ. ಒಂದು ಮಸೀದಿಯ ಕಚೇರಿಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ತೀರಾ ಮುಖ್ಯವಾದ ಪತ್ರಗಳನ್ನು ಕಾಗದದ ಮೇಲೂ ತೆಗೆದು ಫೈಲಿಗೆ ಹಾಕಿ. ಪತ್ರ ಸರ್ವರಿನಲ್ಲಿ ಇರಬೇಕು, ಅದರ ಪ್ರತಿ ನಮ್ಮ ಕೈಯಲ್ಲೂ ಇರಬೇಕು.

ಇದು ನಮಗೆ ಹೊಸ ಪಾಠವಲ್ಲ. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಜರು ಶಹೀದರಾದಾಗ, ಕುರ್‌ಆನ್ ಕೇವಲ ಎದೆಗಳಲ್ಲಿ ಉಳಿದರೆ ಸಾಲದು ಎಂದು ಹಜ್ರತ್ ಉಮರ್(ರ)ರು ಸಲಹೆ ಕೊಟ್ಟರು. ಹಜ್ರತ್ ಅಬೂಬಕರ್(ರ)ರು ಜೈದ್ ಬಿನ್ ಸಾಬಿತ್(ರ)ರಿಗೆ ಆ ಕೆಲಸ ವಹಿಸಿ ಬರಹದಲ್ಲಿ ಒಟ್ಟುಗೂಡಿಸಿದರು. ಆ ಹಾಳೆಗಳು ಅವರ ಬಳಿ, ನಂತರ ಹಜ್ರತ್ ಉಮರ್(ರ)ರ ಬಳಿ, ನಂತರ ಅವರ ಮಗಳು ಹಜ್ರತ್ ಹಫ್ಸಾ(ರ)ರ ಬಳಿ ಇದ್ದವು. ಹಜ್ರತ್ ಉಸ್ಮಾನ್(ರ)ರ ಕಾಲದಲ್ಲಿ ಅವನ್ನು ತರಿಸಿ ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಪಟ್ಟಣಗಳಿಗೆ ಕಳಿಸಿ, ಮೂಲ ಹಾಳೆಗಳನ್ನು ಹಜ್ರತ್ ಹಫ್ಸಾ(ರ)ರಿಗೆ ಹಿಂದಿರುಗಿಸಲಾಯಿತು. ಅಲ್ಲಾಹನ ಕಲಾಮಿಗೂ ನಮ್ಮ ಕಮಿಟಿ ಪತ್ರಗಳಿಗೂ ಹೋಲಿಕೆಯಿಲ್ಲ. ಆದರೆ ಮೂಲ ಯಾರ ಬಳಿ ಇದೆ, ಪ್ರತಿ ಎಲ್ಲೆಲ್ಲಿದೆ ಎಂಬ ಎಚ್ಚರವನ್ನು ಆ ಹಿರಿಯರಿಂದ ಕಲಿಯಬಹುದು.

ಮನೆ ಮತ್ತು ವ್ಯಾಪಾರದಲ್ಲಿ

ಈ ಮಾತು ಕಮಿಟಿಗಳಿಗೆ ಮಾತ್ರ ಅಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮ ಸಹೋದರರು, ಚನ್ನಪಟ್ಟಣದಲ್ಲಿ ಬೊಂಬೆ ಮಾಡಿ ಹೊರಗೆ ಕಳಿಸುವವರು, ಕನಕಪುರ, ಮಾಗಡಿಗಳಲ್ಲಿ ಅಂಗಡಿ ಇಟ್ಟವರು ಆರ್ಡರು, ಬಿಲ್ಲು, ಬಾಕಿಯ ವಿವರವನ್ನು ಇ-ಮೇಲಿನಲ್ಲೇ ಇಟ್ಟಿರುತ್ತಾರೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್‌ಬಕರಾದ 282ನೇ ಆಯತ್ತು ವಿವರವಾಗಿ ಹೇಳುತ್ತದೆ. ಅದು ಕುರ್‌ಆನಿನ ಅತಿ ಉದ್ದದ ಆಯತ್ತು. ಬರೆದಿಟ್ಟ ಮೇಲೆ ಬರಹ ಸಿಗುವಂತೆಯೂ ಇರಬೇಕಲ್ಲವೇ?

ಮನೆಯ ಹಿರಿಯರು ತೀರಿಕೊಂಡಾಗ, ಆಸ್ತಿ ಹಂಚುವ ಮೊದಲು ಅವರ ಸಾಲ ತೀರಿಸುವುದು ವಾರಸುದಾರರ ಮೇಲಿನ ಹೊಣೆ. ಆ ಸಾಲದ ವಿವರ ಅವರ ಕಂಪ್ಯೂಟರಿನ ಲೋಕಲ್ ಫೋಲ್ಡರಿನಲ್ಲಿ ಇರಬಹುದು. ‘ಅಬ್ಬಾ ಅವರ ಹಳೆಯ ಕಂಪ್ಯೂಟರ್, ಮಕ್ಕಳಿಗೆ ಆಟಕ್ಕಿರಲಿ’ ಎಂದು ಫಾರ್ಮ್ಯಾಟ್ ಮಾಡಿಸುವ ಮೊದಲು ಒಮ್ಮೆ ನೋಡಿ. ಅಂಗಡಿಗೆ ಒಯ್ದಾಗ ‘ಇ-ಮೇಲ್ ಪಾಪ್‌ನಲ್ಲಿದೆಯೇ, ಪತ್ರಗಳು ಇದರಲ್ಲೇ ಇವೆಯೇ ನೋಡಿ, ಪ್ರತಿ ತೆಗೆದುಕೊಡಿ’ ಎಂದು ಹೇಳಿ. ಇಷ್ಟು ಹೇಳಲು ಗೊತ್ತಿದ್ದರೆ ಸಾಕು, ಉಳಿದದ್ದು ಅವರು ಮಾಡುತ್ತಾರೆ.

ಗುಟ್ಟು ಕೂಡ ಅಮಾನತು

ಹಜ್ ಅರ್ಜಿ ತುಂಬುವಾಗ ಕಮಿಟಿಯ ಇ-ಮೇಲಿಗೆ ಪಾಸ್‌ಪೋರ್ಟ್ ಪ್ರತಿ, ಬ್ಯಾಂಕ್ ವಿವರ ಬರುತ್ತವೆ. ವಿದ್ಯಾರ್ಥಿವೇತನಕ್ಕೆ ಮಕ್ಕಳ ಆಧಾರ್, ಆದಾಯ ಪ್ರಮಾಣಪತ್ರ ಬರುತ್ತವೆ. ಗಂಡ ಹೆಂಡಿರ ನಡುವಿನ ಮನಸ್ತಾಪದ ಪತ್ರಗಳೂ ಬರುತ್ತವೆ. ಪಾಪ್ ಇದ್ದ ಕಂಪ್ಯೂಟರಿನಲ್ಲಿ ಇವೆಲ್ಲ ಫೈಲಿನ ರೂಪದಲ್ಲಿ ಕುಳಿತಿರುತ್ತವೆ. ಆ ಕಂಪ್ಯೂಟರನ್ನು ಹಾಗೆಯೇ ಗುಜರಿಗೆ ಮಾರಿದರೆ, ಊರಿನ ಜನರ ಗುಟ್ಟನ್ನು ಕೆಲವು ನೂರು ರೂಪಾಯಿಗೆ ಮಾರಿದಂತೆ. ಡಿಲೀಟ್ ಒತ್ತಿದರೂ ಸಾಲದು. ಥಂಡರ್‌ಬರ್ಡ್‌ನಲ್ಲಿ ‘ಕಾಂಪ್ಯಾಕ್ಟ್’ ಎಂಬ ಕೆಲಸ ನಡೆಯುವ ತನಕ ಅಳಿಸಿದ ಪತ್ರ ಫೈಲಿನ ಒಳಗೆ ಉಳಿದಿರುತ್ತದೆ. ಮಾರುವ ಮೊದಲು ಹಾರ್ಡ್‌ಡಿಸ್ಕ್ ತೆಗೆಸಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಹಾಗೆಯೇ ಕೆಲಸ ಮುಗಿದ ಮೇಲೆ ಹಾಜಿಗಳ ಪಾಸ್‌ಪೋರ್ಟ್ ಪ್ರತಿಗಳನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ. ಕಮಿಟಿಯ ಹೊಣೆ ಬಿಟ್ಟ ದಿನವೇ ತಮ್ಮ ಮೊಬೈಲಿನಿಂದ ಆ ಖಾತೆಯನ್ನು ತೆಗೆಯುವುದು ಅಮಾನತಿನ ಭಾಗ. ಹೊಣೆ ವಹಿಸಿಕೊಂಡವರು ಅದೇ ದಿನ ಪಾಸ್‌ವರ್ಡ್ ಬದಲಿಸುವುದೂ ಸರಿಯೇ. ಅದನ್ನು ಅವಮಾನ ಎಂದು ತಿಳಿಯಬಾರದು.

ಹಸ್ತಾಂತರದ ದಿನ

ಹೊಸ ಕಮಿಟಿ ಬಂದಾಗ ನಡವಳಿ ಪುಸ್ತಕದಲ್ಲಿ ಈ ಐದು ಸಾಲು ಬರೆಯಿರಿ. ಇ-ಮೇಲ್ ವಿಳಾಸ ಯಾವುದು, ಅದು ಕಮಿಟಿಯ ಹೆಸರಿನಲ್ಲಿದೆಯೇ ಅಥವಾ ಒಬ್ಬರ ಸ್ವಂತದ್ದೇ? ಒಟಿಪಿ ಯಾವ ಮೊಬೈಲಿಗೆ ಬರುತ್ತದೆ? ಯಾವ ಯಾವ ಕಂಪ್ಯೂಟರಿನಲ್ಲಿ ಯಾವ ವಿಧಾನದಲ್ಲಿ ಜೋಡಿಸಿದೆ, ಪಾಪ್ ಅಥವಾ ಐಮ್ಯಾಪ್? ಲೋಕಲ್ ಫೋಲ್ಡರಿನಲ್ಲಿ ಯಾವ ವರ್ಷದ ಪತ್ರಗಳಿವೆ? ಅವುಗಳ ಪ್ರತಿ ಯಾವ ಹಾರ್ಡ್‌ಡಿಸ್ಕಿನಲ್ಲಿ, ಯಾರ ವಶದಲ್ಲಿದೆ? ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆಯಬೇಡಿ, ಮುಚ್ಚಿದ ಲಕೋಟೆಯಲ್ಲಿ ಕೊಡಿ. ಹಳಬರು, ಹೊಸಬರು ಇಬ್ಬರೂ ರುಜು ಹಾಕಲಿ. ಬರೀ ಪಾಸ್‌ವರ್ಡ್ ಕೊಟ್ಟರೆ ಬೀಗದ ಕೈ ಕೊಟ್ಟಂತಾಯಿತು. ಪೆಟ್ಟಿಗೆ ಯಾವುದು, ಅದರಲ್ಲಿ ಏನಿದೆ ಎಂದು ತೋರಿಸಿ ಕೊಟ್ಟರೆ ಮಾತ್ರ ಅಮಾನತು ತಲುಪಿದಂತೆ.

ನಮ್ಮ ತಾಲೂಕುಗಳ ಜಮಾಅತ್‌ಗಳು ಮುಂದಿನ ಜುಮಾದೊಳಗೆ ಒಂದು ಕೆಲಸ ಮಾಡಲಿ. ಕಚೇರಿಯ ಕಂಪ್ಯೂಟರನ್ನು ತೆರೆದು, ‘ಸರ್ವರ್ ಟೈಪ್’ ಎಂಬಲ್ಲಿ ಏನಿದೆ ಎಂದು ನೋಡಲಿ. ಪಾಪ್ ಎಂದಿದ್ದರೆ ಅದೇ ದಿನ ಒಂದು ಪ್ರತಿ ತೆಗೆದಿಡಲಿ. ವಹಿಸಿಕೊಂಡದ್ದನ್ನು ಕಾಪಾಡುವ, ಹಕ್ಕುದಾರರಿಗೆ ಸರಿಯಾಗಿ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.